ಅಡಿಗೆಮನೆಯ ಚಪ್ಪಲಿ

ನಮ್ಮ ಅಡಿಗೆಮನೆಯಲ್ಲಿ ಒಂದು ಜೊತೆ ಚಪ್ಪಲಿ ಓಡಾಡುತ್ತದೆ. ಯಾರೋ ಹೊರಗೆ ಬಿಡಲು ಮರೆತದ್ದಲ್ಲ, ಮಕ್ಕಳು ತಂದು ಎಸೆದದ್ದೂ ಅಲ್ಲ. ನಾನೇ ಬಾಗಿಲು ತೆರೆದು ಒಳಗೆ ಕರೆದುಕೊಂಡದ್ದು. ನೀಲಿ ಬಣ್ಣದ ದಪ್ಪ ಅಟ್ಟೆ, ಮೇಲೆ ಅಗಲವಾದ ಎರಡು ಪಟ್ಟಿ. ಚೆಂದಕ್ಕೆ ಮಾಡಿದ್ದಲ್ಲ ಅನ್ನುವುದು ನೋಡಿದ ಕೂಡಲೇ ಗೊತ್ತಾಗುತ್ತದೆ.

ಬಂದವರ ಕಣ್ಣು ಮೊದಲು ಅದರ ಮೇಲೇ ಬೀಳುತ್ತದೆ. ಸಿಲಿಂಡರ್ ತರುವಾತ ತನ್ನ ಚಪ್ಪಲಿಯನ್ನು ಗೇಟಿನ ಹತ್ತಿರವೇ ಬಿಟ್ಟು ಬರುವ ಮರ್ಯಾದಸ್ಥ. ಮೊದಲ ಸಲ ಇದನ್ನು ಕಂಡಾಗ ಒಮ್ಮೆ ನನ್ನ ಮುಖ ನೋಡಿದ, ಒಮ್ಮೆ ಅದರ ಮುಖ ನೋಡಿದ, ಸುಮ್ಮನೆ ರಸೀದಿ ಕೊಟ್ಟು ಹೋದ. ಹಿಂದಿನ ಬೀದಿಯ ಪುಟ್ಟಮ್ಮನವರು ಹೆಪ್ಪಿಗೆ ಒಂಚೂರು ಮೊಸರು ಕೇಳಿಕೊಂಡು ಬಂದಿದ್ದರು. ಬಾಗಿಲಲ್ಲೇ ನಿಂತು ನೋಡಿದವರು, "ಇರ್ಲಿ ಬಿಡು ಪ್ರಮೀಳ, ಇನ್ನೊಂದಿನ ಬತ್ತೀನಿ" ಅಂತ ಖಾಲಿ ಬಟ್ಟಲನ್ನು ಸೆರಗಿನೊಳಗೆ ಮುಚ್ಚಿಕೊಂಡು ವಾಪಸು ಹೋದರು. ಅವರನ್ನು ದೂರಲಾರೆ. ಇದೇ ಚಪ್ಪಲಿ ಅವರ ಅಡಿಗೆಮನೆಯಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದರೆ ಊರೆಲ್ಲ ಡಂಗುರ ಸಾರುವ ಮೊದಲ ಬಾಯಿ ನನ್ನದೇ ಆಗಿರುತ್ತಿತ್ತು.

ಯಾಕೆಂದರೆ ನನಗೆ ನೆಲದ ಹುಚ್ಚು. ಹೊಳೆನರಸೀಪುರದಿಂದ ಹಾಸನದ ಕಡೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು ಸ್ವಲ್ಪ ಒಳಗೆ ನಡೆದರೆ ನಮ್ಮೂರು. ಮನೆಗೆ ನಮ್ಮ ಮಾವನವರು ಹಾಕಿಸಿದ ಕೆಂಪು ಗಾರೆಯ ನೆಲ. ನಾನು ಈ ಮನೆಗೆ ಬಂದಾಗ ಅತ್ತೆ ನನ್ನ ಕೈಗೆ ಮೊದಲು ಕೊಟ್ಟದ್ದು ಒಡವೆಯಲ್ಲ, ಒರೆಸುವ ಬಟ್ಟೆ. ಹಬ್ಬಕ್ಕೆ ಒಂದೆರಡು ಹನಿ ಕೊಬ್ಬರಿಎಣ್ಣೆ ಹಾಕಿ ತಿಕ್ಕಿದರೆ ನಮ್ಮ ಮುಖ ನಮಗೇ ಕಾಣಬೇಕು, ಹಾಗೆ ಹೊಳೆಯುತ್ತದೆ. ಟೈಲ್ಸ್ ಹಾಕಿಸೋಣ ಎಂದು ಮನೆಯವರು ಬಾಯಿ ತೆರೆದಾಗಲೆಲ್ಲ ಅತ್ತೆ ಸೊಸೆ ಒಂದಾಗಿಬಿಡುತ್ತೇವೆ. ನಾವಿಬ್ಬರೂ ಪೂರ್ತಿ ಒಪ್ಪುವ ವಿಷಯ ಅದೊಂದೇ ಇದ್ದೀತು.

ನನ್ನನ್ನು ಮನೆಕೋಳಿ ಅಂತ ಆಡಿಕೊಳ್ಳುತ್ತಾರೆ. ಇರಲಿ. ಚನ್ನರಾಯಪಟ್ಟಣದಲ್ಲಿ ನಾದಿನಿ ಮಂಗಳಳ ಮನೆಯಲ್ಲಿ ಏನಾದರೂ ಕಾರ್ಯವೆಂದರೆ ಊಟದ ಎಲೆ ಎತ್ತುವ ಮೊದಲೇ ನಾನು ಬಸ್ಸಿನ ಹೊತ್ತು ಕೇಳುತ್ತಿರುತ್ತೇನೆ. "ಅತ್ತಿಗೆ, ನಿಮ್ಮನೆಗೇನ್ ಕಾಲ್ ಬಂದವಾ, ಎದ್ದು ಓಗ್ಬುಡಕೆ?" ಎಂದು ಅವಳು ನಗುತ್ತಾಳೆ. ಮನೆ ಎಲ್ಲಿಗೂ ಹೋಗುವುದಿಲ್ಲ, ನನಗೂ ಗೊತ್ತು. ಆದರೆ ಹಿಂದಿರುಗಿ ಬೀಗ ತೆಗೆದು, ಚಪ್ಪಲಿ ಹೊರಗೆ ಬಿಟ್ಟು, ಬರಿಗಾಲಲ್ಲಿ ಒಳಗೆಲ್ಲ ಒಂದು ಸುತ್ತು ಹಾಕಬೇಕು. ತಣ್ಣಗಿನ ನೆಲ ಅಂಗಾಲಿಗೆ ತಾಗಿದ ಮೇಲೆಯೇ ನನಗೆ ಮನೆಗೆ ಬಂದ ಹಾಗೆ ಆಗುವುದು. ಅಲ್ಲಿಯವರೆಗೆ ಇನ್ನೂ ಬಸ್ಸಿನಲ್ಲೇ ಇದ್ದೇನೆ ಅನ್ನಿಸುತ್ತದೆ.

ಇದು ತವರಿನಿಂದ ಬಂದ ರೋಗವಿರಬೇಕು. ಅರಕಲಗೂಡಿನ ಹತ್ತಿರದ ನನ್ನ ತವರಿನಲ್ಲಿ ಆಗ ಸಗಣಿ ಸಾರಿಸಿದ ನೆಲ. ಸಾರಿಸಿ ಆರುವವರೆಗೆ ಗೋಡೆಗೆ ಬೆನ್ನು ಹಚ್ಚಿ ಅಂಚಿನಲ್ಲಿ ಅಡ್ಡಡ್ಡ ನಡೆಯಬೇಕಿತ್ತು. ತಾತನ ಎಕ್ಕಡಕ್ಕಂತೂ ಜಗಲಿಯ ಮೇಲೂ ಜಾಗವಿಲ್ಲ, ಅಂಗಳದಾಚೆ ನುಗ್ಗೆಮರದ ಬುಡದಲ್ಲಿ ಅದರ ವಾಸ. ಒಂದು ದಿನ ಬೀದಿನಾಯಿ ಒಂದನ್ನು ಕಚ್ಚಿಕೊಂಡು ಓಡಿತು. ತಾತ ಉಳಿದ ಒಂದನ್ನು ಕೈಯಲ್ಲಿ ಹಿಡಿದು ಬೈಯುತ್ತಾ ಗದ್ದೆಬಯಲೆಲ್ಲ ಅದರ ಹಿಂದೆ ಸುತ್ತಿದರು. ಬರಿಗಾಲಲ್ಲಿ ವಾಪಸು ಬಂದು, ಇನ್ನು ಮೇಲೆ ಜಗಲಿ ಮೇಲೇ ಬಿಡುವುದಾಗಿ ಹೇಳಿದಾಗ ಅಜ್ಜಿ ಒಲೆ ಮುಂದಿನಿಂದ ಏಳಲೂ ಇಲ್ಲ. "ನಾಯಿ ಬಾಯಿಗೆ ಓದ್ರೂ ಓಗ್ಲಿ, ನನ್ನ ಜಗಲಿ ಮ್ಯಾಲೆ ಬ್ಯಾಡ" ಅಂದರು. ಆ ಅಜ್ಜಿಯ ಮೊಮ್ಮಗಳು ನಾನು. ಅವರು ಮೇಲಿನಿಂದ ನೋಡುತ್ತಿದ್ದರೆ ಈ ನೀಲಿ ಚಪ್ಪಲಿಗೆ ಏನನ್ನುತ್ತಿದ್ದರೋ!

ವಿಷಯಕ್ಕೆ ಬರುತ್ತೇನೆ. ಅತ್ತೆಗೆ ಸಕ್ಕರೆ ಕಾಯಿಲೆ ಬಂದು ಬಹಳ ಕಾಲವಾಯಿತು. ಮಾತ್ರೆ ನುಂಗುತ್ತಿದ್ದರು, ಮುದ್ದೆ ಉಣ್ಣುತ್ತಿದ್ದರು, ಯಾರೂ ನೋಡದಾಗ ಬೆಲ್ಲದ ಚೂರನ್ನೂ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ನಾನು ನೆಲ ಒರೆಸಿ ಹಿಂದಿರುಗಿ ನೋಡಿದರೆ ಆಗಷ್ಟೇ ಒರೆಸಿದ ಜಾಗದಲ್ಲಿ ಕಲೆ. ಕಡಲೆಕಾಳಿನಷ್ಟು ಒದ್ದೆ ಕಲೆ, ಒಂದು ಹೆಜ್ಜೆಗೆ ಒಂದರಂತೆ. ನನಗೆ ಪಿತ್ತ ನೆತ್ತಿಗೇರಿತು. ಯಾರು ಕೊಳೆಕಾಲಲ್ಲಿ ಓಡಾಡಿದ್ದು ಎಂದು ಕೂಗಾಡುತ್ತಾ ಅದನ್ನೇ ಹಿಡಿದು ಹೊರಟೆ. ಬಚ್ಚಲಿನಿಂದ ನಡುಮನೆ, ನಡುಮನೆಯಿಂದ ದೇವರಮನೆ, ದೇವರಮನೆಯಿಂದ ಅಡಿಗೆಮನೆ. ಕೊನೆಯ ಕಲೆ ಅತ್ತೆಯ ಬಲಗಾಲಿನ ಕೆಳಗಿತ್ತು. ಅವರು ನಿಂತುಕೊಂಡು ಸೊಪ್ಪು ಹೆಚ್ಚುತ್ತಿದ್ದರು.

ಕಾಲು ಎತ್ತಿಸಿ ನೋಡಿದೆ. ಕಿರುಬೆರಳ ಬುಡದಲ್ಲಿ ಸುಟ್ಟ ಗಾಯ, ಒಡೆದು ರಸ ಸೋರುತ್ತಿತ್ತು. ನೀರೊಲೆಯಿಂದ ಸಿಡಿದ ಕೆಂಡವನ್ನು ಯಾವಾಗಲೋ ತುಳಿದಿದ್ದಾರೆ.

"ಉರಿಯಲ್ವಾ ಅತ್ತೆ?"

"ಏನೂ ಇಲ್ವಲ್ಲ. ಎಲ್ಲೈತೆ?" ಎಂದು ಅವರೇ ನನ್ನನ್ನು ಕೇಳಿದರು.

ಹಾಸನದ ದಾರಿ ಶುರುವಾದದ್ದು ಅಲ್ಲಿಂದ. ಅಲ್ಲಿನ ಆಸ್ಪತ್ರೆಯಲ್ಲಿ ನೋಡಿದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅತ್ತೆಯನ್ನು ಮಲಗಿಸಿ, ಕಣ್ಣು ಮುಚ್ಚಿಕೊಳ್ಳಲು ಹೇಳಿ, ಬಿರುಸಾದ ಒಂದು ಎಳೆಯನ್ನು ಅಂಗಾಲಿಗೆ ಅಲ್ಲಲ್ಲಿ ಮುಟ್ಟಿಸುತ್ತಾ "ತಾಗ್ತಾ ಅಜ್ಜಿ?" ಎಂದು ಕೇಳಿದರು. ಅತ್ತೆ ಪ್ರತಿ ಸಲವೂ "ಊಂ ತಾಯಿ, ತಾಗ್ತು" ಅಂದರು. ಡಾಕ್ಟರು ಎಳೆಯನ್ನು ಮೇಜಿನ ಮೇಲಿಟ್ಟು, ಎರಡೂ ಕೈ ಜೇಬಿಗೆ ಹಾಕಿಕೊಂಡು ಮತ್ತೆ ಕೇಳಿದರು. "ಊಂ, ಈಗ್ಲೂ ತಾಗ್ತು" ಅಂದರು ಅತ್ತೆ. ಡಾಕ್ಟರು ನನ್ನ ಕಡೆ ತಿರುಗಿದರು. ನನಗೆ ನಗು ಬಂತು. ಅಷ್ಟು ವರ್ಷ ತಿಕ್ಕಿ ತಿಕ್ಕಿ ಹೊಳಪು ತಂದ ನೆಲವನ್ನು ಈ ಕಾಲು ಎಂದಿನಿಂದ ಕಾಣದೆ ಕುರುಡಾಗಿತ್ತೋ, ಅವರೂ ಹೇಳಲಿಲ್ಲ, ನಮಗೂ ತಿಳಿಯಲಿಲ್ಲ.

"ಗಾಯ ವಾಸಿ ಮಾಡಬಹುದು," ಎಂದರು ಡಾಕ್ಟರು. "ಆದರೆ ಈ ಕಾಲು ಇನ್ನು ಬರಿದಾಗಿ ನೆಲ ಮುಟ್ಟಬಾರದು. ಅಳತೆ ತಗೊಂಡು ಮೆತ್ತನೆ ಚಪ್ಪಲಿ ಮಾಡಿಸಿಕೊಡ್ತೀವಿ. ಮನೆ ಒಳಗೂ ಹಾಕ್ಕೋಬೇಕು, ಅಡಿಗೆಮನೆಯಲ್ಲೂ. ಕೇಳದಿದ್ರೆ ಮೊದಲು ಬೆರಳು ಹೋಗುತ್ತೆ. ಆಮೇಲೆ ಕಾಲಿನ ಮಾತು."

ಕಾಲಿನ ಮಾತಿಗೆ ಅತ್ತೆ ಬೆಚ್ಚಲಿಲ್ಲ. ಅಡಿಗೆಮನೆಯ ಮಾತಿಗೆ ಬೆಚ್ಚಿದರು.

ಮುಂದಿನ ಭೇಟಿಗೆ ಚಪ್ಪಲಿ ತಯಾರಾಗಿತ್ತು. ಅಟ್ಟೆ ನೆಲ ಕಾಣದ ಹಾಗೆ, ಡಬ್ಬದಲ್ಲೇ ಮನೆಗೆ ಬಂತು. ಅದನ್ನು ನಡುಮನೆಯ ಮೇಜಿನ ಮೇಲಿಟ್ಟುಕೊಂಡು ಸಭೆ ಕೂತೆವು. ಮೊದಲು ನಮ್ಮ ಮನೆಯವರು ಬಾಯಿ ಹಾಕಿದರು.

"ಅವ್ವ, ಇದು ತೊಗಲಲ್ಲ ಕಣವ್ವ, ರಬ್ಬರು. ರಬ್ಬರು ಮರದಲ್ಲಿ ಬತ್ತದೆ. ಮರದ್ದು ಒಳಿಕ್ಕೆ ಬಂದ್ರೆ ಏನ್ ಮೈಲಿಗೆ?"

"ಅಂಗಾದ್ರೆ ನಿನ್ ಟ್ರಾಕ್ಟ್ರು ಚಕ್ರನೂ ರಬ್ರೇ ಕಣ್ಲಾ. ತಂದು ದೇವ್ರ ಮುಂದೆ ನಿಲ್ಸು, ಓಗು."

ಮನೆಯವರಿಗೆ ಆ ಕೂಡಲೇ ಹಸುವಿಗೆ ಹುಲ್ಲು ಹಾಕುವ ಕೆಲಸ ನೆನಪಾಯಿತು. ನಾನು ಒಬ್ಬಳೇ ಉಳಿದೆ. ಸತ್ಯವಾಗಿ ಹೇಳಬೇಕೆಂದರೆ ನನ್ನ ವಾದಕ್ಕೂ ಜೀವವಿರಲಿಲ್ಲ. ಬಾಯಲ್ಲಿ ಡಾಕ್ಟರ ಮಾತು ಹೇಳುತ್ತಿದ್ದೆ, ಮನಸ್ಸಿನಲ್ಲಿ ನುಗ್ಗೆಮರದ ಬುಡ ಕಾಣುತ್ತಿತ್ತು. ಕೊನೆಗೆ ದಾರಿ ತೋರಿಸಿದವರು ಅತ್ತೆಯೇ.

"ಇದಿನ್ನೂ ಒರ್ಗಡೆ ಮಣ್ ಮುಟ್ಟಿಲ್ಲ ಅಲ್ವಾ? ಡಬ್ಬದಿಂದ ಬಂದಂಗೇ ಒಳಗಿದ್ರೆ ಅದು ಮೆಟ್ಟಲ್ಲ. ಕಾಲ್ಗೆ ಆಕೋ ಮಣೆ ಅಂದ್ಕೊ."

ಕಾಲಿಗೆ ಹಾಕುವ ಮಣೆ! ಒಪ್ಪಿಕೊಂಡುಬಿಟ್ಟೆ. ಅರಿಶಿನದ ನೀರು ಚಿಮುಕಿಸಿದೆವು. ಅಡಿಗೆಮನೆಯ ಹೊಸಿಲನ್ನು ಬಲಗಾಲು ಮುಂದಿಟ್ಟು ದಾಟಿಸಿದೆವು. ಹೊಸ ಮದುವಣಗಿತ್ತಿಯ ಹಾಗೆ ಸೇರು ಒದೆಯುವುದೊಂದು ಬಾಕಿ ಇತ್ತು. ದೇವರಮನೆಗೆ ಮಾತ್ರ ಬೇಡ, ಹೊರಗೆ ಕುರ್ಚಿ ಹಾಕಿಕೊಂಡು ಕೈಮುಗಿಯುವುದು ಎಂದು ತೀರ್ಮಾನವಾಯಿತು. ಅತ್ತೆ ಮಣೆಯ ಮೇಲೆ ನಡೆದಾಡಿದರು, ನಾನು ನಿಟ್ಟುಸಿರುಬಿಟ್ಟೆ.

ವಾರಕ್ಕೊಮ್ಮೆ ಡ್ರೆಸಿಂಗಿಗೆ ಹಾಸನಕ್ಕೆ ಹೋಗಬೇಕಿತ್ತು. ಹೊರಡುವ ದಿನ ನನ್ನದೊಂದು ದೊಡ್ಡ ಕಥೆ. ಹಾಲು ಕಾಯಿಸಿಟ್ಟು, ಮನೆಯವರಿಗೆ ಮಧ್ಯಾಹ್ನಕ್ಕೆ ಸಾರು ಮುಚ್ಚಿಟ್ಟು, ನೆಲ ಒರೆಸಿ, ಬೀಗ ಹಾಕಿ, ಗೇಟಿನವರೆಗೆ ಬಂದು, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮತ್ತೆ ಬೀಗ ತೆಗೆದು ಒಳಗೆ ಹೋಗುತ್ತೇನೆ. ಹೋದವಳು ಕಿಟಕಿಯನ್ನೂ ನೋಡುತ್ತೇನೆ. ಕಿಟಕಿ ನೋಡಿದವಳು ಒದ್ದೆ ಬಟ್ಟೆಯನ್ನು ಸರಿಯಾಗಿ ಹರವುತ್ತೇನೆ. ಆಟೋದವನು ಹಾರನ್ ಒತ್ತುತ್ತಿರುತ್ತಾನೆ. ಅಷ್ಟರಲ್ಲಿ ಅತ್ತೆ ಹೋಗಿ ಆಟೋದಲ್ಲಿ ಕೂತು, ಸೀರೆಯ ನೆರಿಗೆಯನ್ನು ಕಾಲಿನವರೆಗೆ ಇಳಿಬಿಟ್ಟುಕೊಂಡು, ಬಟ್ಟೆಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತಿರುತ್ತಿದ್ದರು. "ಮನೆ ಒತ್ಕಂಡೇ ಬಂದ್ಬುಡು, ಆಸ್ನದಲ್ಲಿ ಇಳಿಸ್ಕಳನ" ಎಂದು ಚುಚ್ಚುವುದೂ ಇತ್ತು.

ಬಸ್ಸಿನಲ್ಲಿ ಅವರಿಗೆ ಕಿಟಕಿ ಪಕ್ಕವೇ ಬೇಕು. ಮೊಸಳೆಹೊಸಳ್ಳಿ ಬರುತ್ತಿದ್ದ ಹಾಗೆ ಮೊಸಳೆ ಊರಿನ ಹಳೆಯ ಜೋಡಿ ಗುಡಿಗಳಿರುವ ದಿಕ್ಕಿಗೆ ಕೂತಲ್ಲೇ ಕೈಮುಗಿದು, "ಕಾಲ್ ವಾಸಿ ಆಗ್ಲಿ, ಬರಿಗಾಲಲ್ಲೇ ಬಂದು ಪ್ರದಕ್ಷಿಣೆ ಆಕ್ತೀನಿ" ಎಂದು ಹರಕೆ ಹೊರುತ್ತಿದ್ದರು. ಬಿಸಿಲಲ್ಲಿ ಕಾದ ಆ ಕಲ್ಲಿನ ಮೇಲೆ, ಅದೂ ಬರಿಗಾಲಲ್ಲಿ! ಯಾವ ದೇವರೂ ಈ ಹರಕೆಯನ್ನು ಕಿವಿಗೆ ಹಾಕಿಕೊಳ್ಳದಿರಲಿ ಎಂದು ನಾನು ಪಕ್ಕದಲ್ಲಿ ಕೂತು ಬೇಡಿಕೊಳ್ಳುತ್ತಿದ್ದೆ.

ಇಷ್ಟೆಲ್ಲ ಓಡಾಡಿದರೂ ಗಾಯ ಮಾಯುವ ಬದಲು ಅಗಲವಾಗುತ್ತಾ ಬಂತು. ಒಂದು ದಿನ ಬ್ಯಾಂಡೇಜು ಬಿಚ್ಚಿದ ಡಾಕ್ಟರ ಮುಖ ಗಂಭೀರವಾಯಿತು. ಬೆರಳ ಸಂದಿಯಲ್ಲಿ ಮರಳಿತ್ತು.

"ಚಪ್ಪಲಿ ಎಲ್ಲಿ ಅಜ್ಜಿ?"

ಅತ್ತೆ ಕಾಯುತ್ತಿದ್ದವರ ಹಾಗೆ ಚೀಲಕ್ಕೆ ಕೈ ಹಾಕಿದರು. ಎಲೆ ಅಡಿಕೆಯ ಸಂಚಿಯ ಕೆಳಗಿನಿಂದ ನ್ಯೂಸ್ ಪೇಪರಿನ ಪೊಟ್ಟಣ ತೆಗೆದು, ಮಡಿಕೆ ಮಡಿಕೆಯಾಗಿ ಬಿಚ್ಚಿ, ಎರಡೂ ಚಪ್ಪಲಿಯನ್ನು ಅಂಗಾತ ಹಿಡಿದು ತೋರಿಸಿದರು. "ನೋಡು ತಾಯಿ, ಒಂದ್ ಚೂರು ಮಣ್ಣಾಗಿಲ್ಲ. ಎಂಗಿಟ್ಕಂಡಿವ್ನಿ!"

ಬೀದಿಗೆ ಬಂದರೆ ಮಣೆ ಮೆಟ್ಟಾಗುತ್ತದೆ. ಮೆಟ್ಟಾದರೆ ಅಡಿಗೆಮನೆಗೆ ಬರುವ ಹಾಗಿಲ್ಲ. ಅವರ ಲೆಕ್ಕದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ನಾನು ಗ್ಯಾಸ್ ನೋಡಲು ಒಳಗೆ ಹೋದ ಹೊತ್ತಿನಲ್ಲಿ ಅದನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು, ಬ್ಯಾಂಡೇಜಿನ ಮೇಲೆ ಬಟ್ಟೆಯಂಗಡಿಯ ಪ್ಲಾಸ್ಟಿಕ್ ಕವರು ಸುತ್ತಿಕೊಂಡು ಆಟೋ ಹತ್ತುತ್ತಿದ್ದರು. ಇನ್ನೊಂದು ಕಾಲು ಬರಿದೇ, ನೆಲ ಮುಟ್ಟುವ ನೆರಿಗೆಯೊಳಗೆ ನಾನೂ ಬಗ್ಗಿ ನೋಡಿರಲಿಲ್ಲ. ಹಾಗೆಯೇ ಬಸ್ಸು, ಹಾಗೆಯೇ ಬಸ್ ಸ್ಟ್ಯಾಂಡಿನ ಜಲ್ಲಿಕಲ್ಲು, ಹಾಗೆಯೇ ಆಸ್ಪತ್ರೆಯ ಉದ್ದುದ್ದ ವರಾಂಡ. ಸರದಿಗೆ ಕೂತಾಗ ಕವರನ್ನು ಕಿತ್ತು ಬುಟ್ಟಿಗೆ ಹಾಕಿ, ಕಾಲನ್ನು ಸೀರೆಯೊಳಗೆ ಎಳೆದುಕೊಳ್ಳುತ್ತಿದ್ದರಂತೆ. ನೋವು ಗೊತ್ತಾಗುವ ಕಾಲಾಗಿದ್ದರೆ ಕಲ್ಲೇ ಚಾಡಿ ಹೇಳುತ್ತಿತ್ತು.

ನರ್ಸ್ ಕಿಸಕ್ಕನೆ ನಕ್ಕಳು. ನನಗೂ ನಗು ಒತ್ತರಿಸಿ ಬಂತು. ಡಾಕ್ಟರು ನಗಲಿಲ್ಲ. "ಅಡ್ಮಿಟ್ ಮಾಡಿ" ಅಂದರು.

ಆಸ್ಪತ್ರೆಯ ವಾಸವೆಂದರೆ ಏನೆಂದು ನಿಮಗೂ ಗೊತ್ತಿರುತ್ತದೆ, ಉದ್ದ ಹೇಳುವುದಿಲ್ಲ. ಶಾಂತಿಗ್ರಾಮ ದಾಟಿದರೆ ಹಾಸನ ತಾನೇ ಎಂದು ಮಂಗಳ ಚನ್ನರಾಯಪಟ್ಟಣದಿಂದ ಊಟ ಹೊತ್ತು ತರುತ್ತಿದ್ದಳು. ಒಂದು ಮಧ್ಯಾಹ್ನ ಕ್ಯಾರಿಯರ್ ಬಿಚ್ಚುತ್ತಾ, "ಅತ್ತಿಗೆ, ನೀವು ಮನೆಗೋಗಿ ಬನ್ನಿ, ಎರಡ್ ದಿನ ನಾನಿರ್ತೀನಿ. ನಿಮ್ ಮುಖ ನೋಡಕಾಗಲ್ಲ" ಅಂದಳು. ಎದ್ದೆ, ಬ್ಯಾಗನ್ನೂ ತೆಗೆದುಕೊಂಡೆ. ಮನಸ್ಸು ಅಷ್ಟರಲ್ಲಾಗಲೇ ಬಸ್ಸಿಳಿದು ಗೇಟು ತೆಗೆಯುತ್ತಿತ್ತು. ಆಗ ಮಂಚದ ಪಕ್ಕ ಕಣ್ಣು ಬಿತ್ತು. ನೀಲಿ ಚಪ್ಪಲಿಯನ್ನು ಅತ್ತೆ ಮತ್ತೆ ಪೇಪರಿನಲ್ಲಿ ಸುತ್ತಿ ದಿಂಬಿನ ಪಕ್ಕ ಇಟ್ಟುಕೊಂಡಿದ್ದರು. ಬಚ್ಚಲಿಗೆ ಹೇಗೆ ಹೋಗುತ್ತಾರೆ ಎಂದು ಕೇಳಬೇಕಾದ ಅಗತ್ಯವೇ ಇರಲಿಲ್ಲ. ಬ್ಯಾಗು ಕೆಳಗಿಟ್ಟು ಕೂತೆ.

ಆಮೇಲೆ ಇಬ್ಬರಿಗೂ ಉಳಿದದ್ದು ಫೋನು. ಸಂಜೆ ಮನೆಯವರು ವಿಡಿಯೋ ಕಾಲ್ ಮಾಡಿದರೆ ನಾನು ಅವರ ಮುಖ ನೋಡುವ ಗೋಜಿಗೆ ಹೋಗುತ್ತಿರಲಿಲ್ಲ.

"ಫೋನ್ ಕೆಳಕ್ಕೆ ಹಿಡೀರಿ. ನೆಲ ತೋರ್ಸಿ."

"ಮನೆ ಚೆನ್ನಾಗೇ ಐತೆ ಕಣೆ. ಎಲ್ಲೂ ಓಡೋಗಿಲ್ಲ" ಎಂದು ಅವರು ಗೋಡೆಯ ಕ್ಯಾಲೆಂಡರು ತೋರಿಸುವರು.

"ನೆಲ ಅಂದೆ."

ಕೊನೆಗೆ ತೋರಿಸಿದರು. ನಡುಮನೆಯಲ್ಲಿ ಸಗಣಿ ಮೆತ್ತಿದ ಹೆಜ್ಜೆ, ಅಡಿಗೆಮನೆಯಲ್ಲಿ ಉಕ್ಕಿ ಹರಿದು ಒಣಗಿದ ಹಾಲು. ನನಗೆ ಅಳು ಬಂತು. ಅಂಥ ಹೊತ್ತಿನಲ್ಲಿ ನೆಲಕ್ಕೆ ಅಳುವುದು ಎಂಥ ಹೆಂಗಸು ಎಂದು ನೀವು ಅಂದುಕೊಂಡರೂ ಸರಿಯೇ, ಕಿರುಬೆರಳು ತೆಗೆಯಬೇಕೆಂದು ಡಾಕ್ಟರು ನನಗೆ ಹೇಳಿದ್ದರು, ಅತ್ತೆಯ ಎದುರು ಆ ಬೆರಳಿಗಾಗಿ ಅಳುವಂತಿರಲಿಲ್ಲವಲ್ಲ, ಎರಡನ್ನೂ ಸೇರಿಸಿ ನೆಲದ ಲೆಕ್ಕಕ್ಕೆ ಹಾಕಿದೆ. ಅತ್ತೆ ಕತ್ತು ಚಾಚಿ ಫೋನಿನೊಳಗೆ ನೋಡಿ, "ಥೂ, ಕೊಟ್ಗೆ ಮಾಡ್ಬುಟ್ಟವ್ನೆ" ಅಂದರು. ಇಬ್ಬರೂ ಮಂಚದ ಮೇಲೆ ಕೂತು ಯಾರೂ ಇಲ್ಲದ ಆ ಅಡಿಗೆಮನೆಯನ್ನು ತುಂಬಾ ಹೊತ್ತು ನೋಡಿದೆವು.

"ಬೆರಳು ಓಯ್ತದಂತಾ?" ಎಂದು ಅವರು ಫೋನಿನಿಂದ ಕಣ್ಣು ತೆಗೆಯದೆಯೇ ಕೇಳಿದರು.

"ಕಿರುಬೆರಳು ಹೋಗುತ್ತೆ ಅತ್ತೆ. ಅಷ್ಟಕ್ಕೇ ನಿಲ್ಲಬೇಕು ಅಂದ್ರೆ ಚಪ್ಪಲಿ ಕಾಲಲ್ಲಿರಬೇಕು. ಇಲ್ಲೂ, ಬಸ್ಸಲ್ಲೂ, ಮನೇಲೂ."

"ಒರಗಿನ್ದು ಒಳಿಕ್ಕೆ ಎಂಗ್ ಬತ್ತದೆ?"

ಹೊರಗಿನದಕ್ಕೆ ಬೇರೆ ಜೊತೆ ಮಾಡಿಸಬಹುದಿತ್ತಲ್ಲ ಅನ್ನುತ್ತೀರಿ. ಅದಕ್ಕೂ ಹೇಳಿದ್ದಾಯಿತು. ಆದರೆ ಬೆರಳು ತೆಗೆದು, ಗಾಯ ಒಣಗಿ, ಹೊಸ ಅಳತೆ ತೆಗೆದ ಮೇಲೆ ತಾನೇ ಅದು ಬರುವುದು? ಅಲ್ಲಿಯವರೆಗೆ ಇದೊಂದೇ. ಪೊಟ್ಟಣ ಬಿಚ್ಚಿ, ಕೆಳಗೆ ಕೂತು, ಚಪ್ಪಲಿಯನ್ನು ಅವರ ಕಾಲಿಗೆ ಹಾಕಿ ಪಟ್ಟಿ ಬಿಗಿದೆ. "ನನ್ ಮೆಟ್ಟು ಮುಟ್ಬೇಡ ಕಣೆ" ಎಂದು ಕಾಲು ಎಳೆದುಕೊಂಡರು. ನಾನು ಬಿಡಲಿಲ್ಲ. ಅವತ್ತು ಆ ಮಣೆ ಆಸ್ಪತ್ರೆಯ ನೆಲ ಮುಟ್ಟಿತು. ಅತ್ತೆ ಕಣ್ಣು ಮುಚ್ಚಿಕೊಂಡು ನಡೆದರು.

ಕಿರುಬೆರಳನ್ನು ತೆಗೆದರು. "ಸೊಪ್ಪು ಎಚ್ಚಕ್ಕೆ ಕಾಲ್ ಬೆರಳ್ಯಾಕೆ, ಓಗ್ಲಿ" ಅಂದರು ಅತ್ತೆ. ಪಾದ ಉಳಿಯಿತು. ಇನ್ನು ಮುಂದೆ ಉಳಿಸಿಕೊಳ್ಳುವುದು ನಿಮ್ಮ ಮನೆಯೊಳಗಿನ ಕೆಲಸ ಎಂದು ಡಾಕ್ಟರು ನನಗೆ ಹೇಳಿ ಕಳಿಸಿದರು.

ಮನೆಗೆ ಬಂದ ದಿನ ಅತ್ತೆಯನ್ನು ಜಗಲಿಯ ಮೇಲೆ ಕುರ್ಚಿಯಲ್ಲಿ ಕೂರಿಸಿ ಮೊದಲು ನಾನು ಒಳಗೆ ಹೋದೆ. ಸೀರೆ ಎತ್ತಿ ಕಟ್ಟಿ ನೆಲಕ್ಕೆ ಬಿದ್ದೆ. ಸಗಣಿ, ಹಾಲು, ಎಲ್ಲವನ್ನೂ ತಿಕ್ಕಿ, ಬಟ್ಟೆ ಹಿಂಡಿ ಒರೆಸಿ, ಒಣಗಿದ ಮೇಲೆ ಬರಿಗಾಲಲ್ಲಿ ಒಂದು ಸುತ್ತು ಹಾಕಿದೆ. ತಣ್ಣಗಿತ್ತು. ಬಿಟ್ಟುಹೋದ ಮನೆ ಮತ್ತೆ ಸಿಕ್ಕಿತು. ಹೊರಗೆ ಬಂದರೆ ಅತ್ತೆ ಹೊಸಿಲ ಮುಂದೆ ನಿಂತು ಒಂದು ಪಟ್ಟಿ ಬಿಚ್ಚಿದ್ದರು.

"ಬಿಚ್ಬೇಡಿ ಅತ್ತೆ."

"ಆಸ್ಪತ್ರೆ ತುಳಿದ್ ಬಂದೈತೆ ಇದು. ಬಸ್ ಸ್ಟ್ಯಾಂಡ್ ತುಳಿದೈತೆ. ಈಗ ಒರೆಸಿದ್ದೀಯ."

ಆಸ್ಪತ್ರೆಯಿಂದ ಬಂದವರು ಕಾಲು ತೊಳೆದು ಒಳಗೆ ಬರುವುದು ನಮ್ಮ ಪದ್ಧತಿ. ಬ್ಯಾಂಡೇಜಿನ ಕಾಲಿಗೆ ನೀರು ತಾಗುವಂತಿಲ್ಲ. ಒಂದು ಚೊಂಬು ನೀರು ತಂದೆ. ಅವರನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿ, ಒಂದೊಂದೇ ಕಾಲನ್ನು ನನ್ನ ಮೊಣಕಾಲ ಮೇಲಿಟ್ಟುಕೊಂಡು, ಪಾದ ತೊಳೆಯುವ ಹಾಗೆಯೇ ಚಪ್ಪಲಿಯ ಅಟ್ಟೆ ತೊಳೆದೆ. ಗೀರುಗಳೊಳಗೆ ಕೂತಿದ್ದ ಹಾಸನದ ಮಣ್ಣನ್ನು ಬೆರಳಲ್ಲಿ ತೆಗೆದೆ. ಅತ್ತೆ ಈ ಸಲ ಕಾಲು ಎಳೆದುಕೊಳ್ಳಲಿಲ್ಲ. ಸೆರಗು ಬಾಯಿಗೆ ಹಿಡಿದುಕೊಂಡು ಬೀದಿಯ ಕಡೆ ನೋಡುತ್ತಿದ್ದರು.

ಆಮೇಲೆ ಎದ್ದು, ನನ್ನ ಭುಜ ಹಿಡಿದು ಹೊಸಿಲು ದಾಟಿದರು. ನಡುಮನೆ ದಾಟಿದರು. ಅಡಿಗೆಮನೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಒಳಗೆ ಹೋಗಿ ಕಟ್ಟೆಯ ಮೇಲೆ ಕೈಯಾಡಿಸಿದರು. ತಿರುಗಿ ನೋಡಿದವರು ಗಾಬರಿಯಾದರು. ನಾನು ಆಗಷ್ಟೇ ಒರೆಸಿದ್ದ ಕೆಂಪು ನೆಲದ ಮೇಲೆ ಬಾಗಿಲಿನಿಂದ ಅವರವರೆಗೂ ಒದ್ದೆ ಗುರುತು ಬಿದ್ದಿತ್ತು. ಅಟ್ಟೆಯ ಗೀರುಗಳು ಎದ್ದು ಕಾಣುವಂಥ, ಅಗಲವಾದ ಚಪ್ಪಲಿಯ ಹೆಜ್ಜೆ. ಎಡ, ಬಲ, ಎಡ, ಬಲ. ಎಲ್ಲೂ ಆ ಕಡಲೆಕಾಳಿನಷ್ಟು ಕಲೆ ಇರಲಿಲ್ಲ.

"ಒರ್ಸೆ ಬ್ಯಾಗ, ಯಾರಾರಾ ನೋಡಿದ್ರೆ ಏನಂದಾರು" ಅಂದರು.

ಬಟ್ಟೆ ನನ್ನ ಕೈಯಲ್ಲೇ ಇತ್ತು.

"ಇರ್ಲಿ ಬಿಡಿ ಅತ್ತೆ," ಅಂದೆ, "ತಾನಾಗೇ ಒಣಗುತ್ತೆ."